ಕೊಕ್ಕಿನೊಳಗೊಂದು ಬಾಗಿಲು: ಅಲರ್ಟ್ ಬೇಯ ಹಳೇ ಫೋಟೋ ಕಾರ್ಡು

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಕೆನಡಾದ ಬರ್ನಬಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಒಂದು ಹಳೇ ಫೋಟೋ ಕಾರ್ಡು ಸಿಕ್ಕಿತು. ಐದು ಡಾಲರ್ ಕೊಟ್ಟೆ. ಸಮುದ್ರದ ದಂಡೆಯ ಊರು, ಸಾಲಾಗಿ ಹಲಗೆ ಮನೆಗಳು, ಮುಂದೆ ಹಲಗೆ ಹಾಸಿದ ದಾರಿ, ಅದರ ಮೇಲೆ ಇಬ್ಬರು ಮಕ್ಕಳು. ಒಂದು ಮನೆಯ ಮುಂದೆ ಎತ್ತರದ ಕೆತ್ತನೆಯ ಕಂಬ. ತುದಿಯಲ್ಲಿ ಬಾಗಿದ ಕೊಕ್ಕಿನ ಹಕ್ಕಿ. ಬುಡದಲ್ಲಿ ಇನ್ನೊಂದು ಹಕ್ಕಿಯ ಮುಖ, ಅದರ ಕೊಕ್ಕು ದೋಣಿಯ ಹಾಗೆ ಮುಂದಕ್ಕೆ ಚಾಚಿದೆ. ಹಿಂದಿನ ಗೋಡೆ ತುಂಬ ರೆಕ್ಕೆಗಳ ಚಿತ್ರ. ಕೆಳಗೆ ಬಿಳಿ ಅಕ್ಷರದಲ್ಲಿ ‘ಅಲರ್ಟ್ ಬೇ, ಬಿ.ಸಿ.’ (ಬ್ರಿಟಿಷ್ ಕೊಲಂಬಿಯಾ) ಎಂದಿದೆ. ಬೆನ್ನಿನಲ್ಲಿ ಉದ್ದುದ್ದ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ. ಅಂಚೆಚೀಟಿಯ ಜಾಗದಲ್ಲಿ ‘ಆಝೋ’ ಅಂತ ಅಚ್ಚಾಗಿದೆ, ನಾಲ್ಕು ಮೂಲೆಯಲ್ಲೂ ಮೇಲ್ಮುಖವಾದ ಪುಟ್ಟ ತ್ರಿಕೋನ. ನಮ್ಮ ಮನೆಯವರು ‘ಇದು ಅವರ ಗರುಡಗಂಬ’ ಅಂತಾರೆ. ನಿಜವೇ? ಎಷ್ಟು ಹಳೇದು? ಕಂಬ ಈಗಲೂ ಇದೆಯೇ? ಇಂಥದ್ದನ್ನು ಇಟ್ಟುಕೊಳ್ಳುವುದು ತಪ್ಪಲ್ಲವಷ್ಟೆ? ಲ್ಯಾಮಿನೇಶನ್ ಮಾಡಿಸಿ ಹಾಲ್‌ನಲ್ಲಿ ಹಾಕಬೇಕು ಅಂತಿದ್ದೇನೆ.
(ನಿವೃತ್ತ ಶಿಕ್ಷಕಿ, ಸಾಗರ)

ಉತ್ತರ: ಮೇಡಂ, ಕೊನೇ ಮಾತಿನಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಝೆರಾಕ್ಸ್ ಅಂಗಡಿಯವರು ಎರಡು ನಿಮಿಷದಲ್ಲಿ ಬಿಸಿ ಮಾಡಿ ಪ್ಲಾಸ್ಟಿಕ್ಕಿಗೆ ಅಂಟಿಸಿ ಕೊಡುತ್ತಾರೆ. ಮತ್ತೆ ಅದನ್ನು ಬಿಡಿಸುವವರು ಯಾರೂ ಇಲ್ಲ. ಫೋಟೋದ ಮೇಲಿರುವುದು ಜೆಲಟಿನ್ನಿನ ತೆಳು ಪದರ. ಬಿಸಿ ಅದಕ್ಕೆ ಆಗದು. ಸ್ಕ್ಯಾನ್ ಮಾಡಿಸಿ, ಆ ಪ್ರಿಂಟನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಹಾಕಿ. ಅಸಲಿಯನ್ನು ಪಾಲಿಯೆಸ್ಟರ್ ಕವರಿನಲ್ಲಿಟ್ಟು ಬೀರುವಿನ ಒಳಗೆ ಇಡಿ. ನಿಮ್ಮ ಸಾಗರದ ಮಳೆಗಾಲ ಗೊತ್ತೇ ಇದೆ, ಬೂಷ್ಟು ಹಿಡಿಯಲು ಒಂದು ಜೂನ್ ಸಾಕು. ಅದರ ಜೊತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಾಯಿಸಿ.

ಈಗ ಕಾರ್ಡಿಗೆ ಬರೋಣ. ಅದು ಅಚ್ಚಿನ ಚಿತ್ರವೋ, ನಿಜವಾದ ಫೋಟೋವೋ ಅಂತ ಮೊದಲು ನೋಡಬೇಕು. ಒಂದು ಭೂತಗನ್ನಡಿ ತಗೊಂಡು ಆಕಾಶದ ಭಾಗ ನೋಡಿ. ಪತ್ರಿಕೆಯ ಚಿತ್ರದಲ್ಲಿರುವಂಥ ಸಣ್ಣ ಚುಕ್ಕಿಗಳು ಕಂಡರೆ ಅಚ್ಚು. ಚುಕ್ಕಿಯೇ ಇಲ್ಲದೆ ನುಣುಪಾಗಿದ್ದರೆ ಫೋಟೋ ಕಾಗದ. ಆಮೇಲೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಯಿರಿ. ಅಂಚಿನ ಕಪ್ಪು ಜಾಗಗಳಲ್ಲಿ ನೀಲಿ ಬೆಳ್ಳಿಯ ಹೊಳಪು ಕಾಣಬಹುದು. ಅದು ಕೊಳೆಯಲ್ಲ, ಒರೆಸಬೇಡಿ. ಚಿತ್ರದೊಳಗಿನ ಬೆಳ್ಳಿಯೇ ವರ್ಷಗಟ್ಟಲೆ ಮೇಲಕ್ಕೆ ಬಂದು ಕನ್ನಡಿಯಂತಾಗುತ್ತದೆ. ಹಳೇ ಫೋಟೋಗೆ ಅದೊಂದು ರುಜು ಇದ್ದ ಹಾಗೆ.

‘ಆಝೋ’ ಅನ್ನುವುದು ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಕತ್ತರಿಸಿ ಮಾರುತ್ತಿದ್ದ ಫೋಟೋ ಕಾಗದದ ಹೆಸರು. ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ ಆ ಕಾಗದ ಸುಮಾರು 1904ರಿಂದ 1918ರ ನಡುವಿನದು. ಬೆನ್ನನ್ನು ಎರಡು ಭಾಗ ಮಾಡಿ, ಒಂದು ಕಡೆ ವಿಳಾಸ, ಇನ್ನೊಂದು ಕಡೆ ಕಾಗದ ಬರೆಯುವ ಪದ್ಧತಿ ಕೆನಡಾದಲ್ಲಿ ಬಂದಿದ್ದು 1903ರ ಕೊನೆಗೆ. ಎರಡೂ ತಾಳೆಯಾಗುತ್ತವೆ. ಆದರೆ ಇದು ಪ್ರಿಂಟಿನ ವಯಸ್ಸು. ನೆಗೆಟಿವ್ ಇನ್ನೂ ಹಳೇದಿರಬಹುದು. ಚೆನ್ನಾಗಿ ಮಾರಾಟವಾಗುವ ನೆಗೆಟಿವನ್ನು ಫೋಟೋಗ್ರಾಫರ್‌ಗಳು ವರ್ಷಗಟ್ಟಲೆ ಪ್ರಿಂಟ್ ಹಾಕುತ್ತಲೇ ಇದ್ದರು. ಆ ಬಿಳಿ ಅಕ್ಷರ ಬಂದಿದ್ದೂ ಹಾಗೇ. ನೆಗೆಟಿವಿನ ಮೇಲೆ ಮಸಿಯಲ್ಲಿ ಬರೆದರೆ ಅಲ್ಲಿ ಬೆಳಕು ತೂರುವುದಿಲ್ಲ, ಕಾಗದ ಬೆಳ್ಳಗೇ ಉಳಿಯುತ್ತದೆ.

ಇನ್ನೊಂದು ವಿಷಯ. ಕಂಬದಲ್ಲಿ ಕಪ್ಪಾಗಿ ಕಾಣುವುದೆಲ್ಲ ಕಪ್ಪು ಬಣ್ಣ ಅಂದುಕೊಳ್ಳಬೇಡಿ. ಆ ಕಾಲದ ನೆಗೆಟಿವ್‌ಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ, ಕೆಂಪು ಮೂಗಿನ ಹೊಳ್ಳೆ ಎಲ್ಲ ಮಸಿಯ ಹಾಗೆ ಬರುತ್ತಿತ್ತು. ನೀಲಿ ಬಿಳಿಚಿಕೊಳ್ಳುತ್ತಿತ್ತು. ಆಕಾಶ ಸುಣ್ಣ ಬಳಿದ ಹಾಗಿರುವುದಕ್ಕೂ ಅದೇ ಕಾರಣ.

ನೀವು ಹೇಳಿದ ಗುರುತುಗಳಿಂದ ಊರೂ ಗೊತ್ತಾಯಿತು, ಕಂಬವೂ ಗೊತ್ತಾಯಿತು. ಅಲರ್ಟ್ ಬೇ ಇರುವುದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಉತ್ತರ ತುದಿಯ ಹತ್ತಿರ, ಕಾರ್ಮರಂಟ್ ಅನ್ನುವ ಪುಟ್ಟ ದ್ವೀಪದಲ್ಲಿ. ಊರಿನವರ ಬಾಯಲ್ಲಿ ಅದು ಯಲೀಸ್. ಅಲ್ಲಿಯವರು ನಮ್ಗಿಸ್ ಜನ. ಕ್ವಾಕ್ವಾಲ ಭಾಷೆ ಆಡುವ ಹಲವು ಪಂಗಡಗಳನ್ನು ಒಟ್ಟಾಗಿ ಕ್ವಾಕ್ವಕವಾಕ್ವ್ ಅನ್ನುತ್ತಾರೆ, ನಮ್ಗಿಸ್ ಅದರಲ್ಲಿ ಒಂದು. ಮೊದಲು ಅವರ ಊರು ಎದುರು ದಡದಲ್ಲಿ, ನಿಮ್ಕಿಶ್ ನದಿ ಸಮುದ್ರ ಸೇರುವಲ್ಲಿ ಇತ್ತು. ದ್ವೀಪದಲ್ಲಿ ಸಾಲ್ಮನ್ ಮೀನಿನ ಕಾರ್ಖಾನೆಯೂ ಪಾದ್ರಿಗಳ ಮಿಷನ್ನೂ ಬಂದ ಮೇಲೆ ಇತ್ತ ಬಂದರು. ಅಲಾಸ್ಕಾ ಕಡೆ ಹೋಗುವ ಹಡಗುಗಳು ಅಲ್ಲಿ ನಿಲ್ಲುತ್ತಿದ್ದವು. ಪ್ರಯಾಣಿಕರು ಇಳಿದು ಹಲಗೆದಾರಿಯ ಮೇಲೆ ಒಂದು ಸುತ್ತು ಹಾಕಿ, ಕಂಬಗಳ ಮುಂದೆ ನಿಂತು, ಒಂದು ಕಾರ್ಡು ಕೊಂಡು ಹಡಗು ಹತ್ತುತ್ತಿದ್ದರು. ಅಷ್ಟೊಂದು ಅಲರ್ಟ್ ಬೇ ಕಾರ್ಡುಗಳು ಇವತ್ತಿಗೂ ಸಿಗುವುದು ಅದಕ್ಕೇ. ಐದು ಡಾಲರಿಗೆ ನಿಮಗೆ ಮೋಸವೇನೂ ಆಗಿಲ್ಲ.

ಕಂಬ ವಾಕಸ್ ಅನ್ನುವ ಮುಖಂಡರ ಮನೆಯದು. 1890ರ ದಶಕದಲ್ಲಿ ನಿಲ್ಲಿಸಿದ್ದು. ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ತುದಿಯಲ್ಲಿರುವುದು ಗುಡುಗುಹಕ್ಕಿ. ರೆಕ್ಕೆ ಬಡಿದರೆ ಗುಡುಗು ಅನ್ನುವ ಹಕ್ಕಿ. ಬಾಗಿದ ಕೊಕ್ಕು ನೋಡಿ ಹದ್ದು ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ತಲೆಯ ಮೇಲೆ ಸುರುಳಿಯಾದ ಕೊಂಬಿನಂಥದ್ದು ಇದ್ದರೆ ಗುಡುಗುಹಕ್ಕಿ ಅಂತ ಗುರುತು. ಅದರ ಕೆಳಗೆ ಓರ್ಕಾ ತಿಮಿಂಗಿಲ. ಆಮೇಲೆ ತೋಳ, ಆಮೇಲೆ ಒಬ್ಬ ಜ್ಞಾನಿ ಮನುಷ್ಯ. ಅವನ ಕೆಳಗೆ ಹೊಕ್‌ಹೊಕ್ ಅನ್ನುವ ಹಕ್ಕಿ. ಅದರ ಕೊಕ್ಕು ವಿಪರೀತ ಉದ್ದ, ಮನುಷ್ಯರ ತಲೆಬುರುಡೆ ಒಡೆದು ಮಿದುಳು ತಿನ್ನುತ್ತದೆ ಎಂದು ಕಥೆ. ಅದಾದ ಮೇಲೆ ಕರಡಿ. ಎಲ್ಲಕ್ಕಿಂತ ಕೆಳಗೆ ರೇವನ್. ರೇವನ್ ಅಂದರೆ ನಮ್ಮ ಕಾಗೆಯ ದೊಡ್ಡಪ್ಪ ಅನ್ನಬಹುದಾದ ಹಕ್ಕಿ. ಕಂಬದಲ್ಲಿರುವುದು ಅದರ ಮುಖ ಮಾತ್ರ. ಮೈ, ರೆಕ್ಕೆ ಎಲ್ಲ ಹಿಂದಿನ ಗೋಡೆಯ ಮೇಲೆ ಬಣ್ಣದಲ್ಲಿದೆ. ಅಂದರೆ ಇಡೀ ಮನೆಯೇ ರೇವನ್.

ಆ ಕೊಕ್ಕನ್ನು ಇನ್ನೊಮ್ಮೆ ನೋಡಿ. ದೋಣಿಯ ಹಾಗೆ ಚಾಚಿದೆ ಅಂದಿರಲ್ಲ, ಅದು ಬರೀ ಅಂದಕ್ಕೆ ಇಟ್ಟಿದ್ದಲ್ಲ. ದೊಡ್ಡ ಸಮಾರಂಭಗಳಲ್ಲಿ ಕೆಳಗಿನ ಕೊಕ್ಕು ಕೆಳಕ್ಕೆ ತೆರೆದುಕೊಳ್ಳುತ್ತಿತ್ತು. ಬಂದವರು ಅದರ ಮೇಲೆ ಕಾಲಿಟ್ಟು ಹಕ್ಕಿಯ ಬಾಯೊಳಗೆ ಹೋಗುತ್ತಿದ್ದರು. ಒಳಗೆ ಬೆಂಕಿ, ಹಾಡು, ಕುಣಿತ. ನೀವು ಕಂಬ ಅನ್ನುತ್ತಿರುವುದು ಆ ಮನೆಯ ಬಾಗಿಲು, ಮೇಡಂ. ಫೋಟೋದಲ್ಲಿ ಕೊಕ್ಕು ಮುಚ್ಚಿರುವುದರಿಂದ ಅದು ಗೊತ್ತಾಗುವುದಿಲ್ಲ ಅಷ್ಟೆ.

ಇನ್ನು ನಿಮ್ಮ ಮನೆಯವರ ಗರುಡಗಂಬದ ಮಾತು. ಅವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪಿಲ್ಲ. ಕಂಬ, ತುದಿಯಲ್ಲಿ ಹಕ್ಕಿ, ಇನ್ನೇನು ಬೇಕು? ಅಲ್ಲಿಗೆ ಹೋದ ಪಾದ್ರಿಗಳಲ್ಲೂ ಎಷ್ಟೋ ಜನ ಇವನ್ನು ವಿಗ್ರಹ ಎಂದೇ ತಿಳಿದರು. ಆದರೆ ಯಾರೂ ಇದಕ್ಕೆ ಕೈ ಮುಗಿಯುವುದಿಲ್ಲ, ಪೂಜೆ ಇಲ್ಲ. ಇಂಗ್ಲಿಷಿನಲ್ಲಿ ಟೋಟೆಮ್ ಕಂಬ ಅನ್ನುವ ಇವು ಮನೆತನದ ಗುರುತುಗಳು. ನಮ್ಮ ಹಿರಿಯ ಇಂಥ ಪ್ರಾಣಿಯನ್ನು ಇಂಥ ಕಡೆ ಎದುರುಗೊಂಡ, ಅದರಿಂದ ಈ ಹೆಸರು ಬಂತು, ಈ ಹಾಡು ಬಂತು, ಈ ಮುಖವಾಡ ಬಂತು ಅನ್ನುವ ಕಥೆಯನ್ನು ಮರದಲ್ಲಿ ನಿಲ್ಲಿಸಿದ್ದು. ನಮ್ಮಲ್ಲೂ ಕೆಲವು ಸಮುದಾಯಗಳಲ್ಲಿ ಪ್ರಾಣಿ, ಗಿಡಮರಗಳ ಹೆಸರಿನ ಬಳಿ, ಬೆಡಗುಗಳಿವೆ, ಅಂದರೆ ಒಂದೇ ಮೂಲದವರೆನ್ನುವ ಕುಲಗಳು. ಹಿಂದಿನ ಮಾನವಶಾಸ್ತ್ರಜ್ಞರು ಅದಕ್ಕೂ ಟೋಟೆಮ್ ಅಂತಲೇ ಹಣೆಪಟ್ಟಿ ಹಚ್ಚಿದರು. ಆದರೆ ಬಳಿಯ ಹೆಸರು ಇಡೀ ಬಳಿಗೆ ಸೇರಿದ್ದು. ಅಲರ್ಟ್ ಬೇ ಕಡೆ ಒಂದು ಚಿತ್ರ, ಒಂದು ಹಾಡು ಕೂಡ ಇಂಥ ಮನೆಯದೇ ಅಂತ ಇರುತ್ತದೆ. ಬೇರೆಯವರು ಅದನ್ನು ಕೆತ್ತಿಸುವ ಹಾಗಿಲ್ಲ, ಹಾಡುವ ಹಾಗಿಲ್ಲ. ಅಂದಹಾಗೆ ‘ಟೋಟೆಮ್’ ಅನ್ನುವ ಪದವೇ ಈ ಕರಾವಳಿಯದಲ್ಲ. ಸಾವಿರಾರು ಮೈಲಿ ಪೂರ್ವದ, ದೊಡ್ಡ ಸರೋವರಗಳ ಸೀಮೆಯ ಒಜಿಬ್ವೆ ಭಾಷೆಯದು. ಕನ್ನಡದಲ್ಲಿ ಕೆಲವರು ‘ಕುಲದೇವತೆಯ ಕಂಬ’ ಅಂತ ಬರೆದು ಗೊಂದಲ ಇನ್ನಷ್ಟು ಜಾಸ್ತಿ ಮಾಡಿದ್ದಾರೆ. ‘ಮನೆತನದ ಕಂಬ’ ಅಂದರೆ ಸಾಕು ಅಂತ ನನ್ನ ಅಭಿಪ್ರಾಯ.

ಇಂಗ್ಲಿಷಿನಲ್ಲಿ ಕೈಕೆಳಗಿನ ನೌಕರನನ್ನು ಟೋಟೆಮ್ ಕಂಬದ ಕೆಳಗಿನವನು ಅನ್ನುವ ಗಾದೆಯಂಥ ಮಾತಿದೆ. ಅದೂ ಸುಮ್ನೆ ಕಟ್ಟಿದ್ದು. ಈ ಕಂಬದಲ್ಲೇ ನೋಡಿ, ಎಲ್ಲರಿಗಿಂತ ಕೆಳಗಿರುವ ರೇವನ್‌ಗೇ ಹೆಚ್ಚು ಜಾಗ, ಹೆಚ್ಚು ಬಣ್ಣ, ಹೆಚ್ಚು ಕೆಲಸ. ಜನರ ಕಣ್ಣಿಗೆ ಬೀಳುವುದು ಬುಡ ತಾನೇ.

ಬಾಗಿಲು ಅಂದ ಮೇಲೆ, ಅದರೊಳಗೆ ನಡೆಯುತ್ತಿದ್ದುದನ್ನೂ ಹೇಳಬೇಕು. ಆ ಸಮಾರಂಭಕ್ಕೆ ಪಾಟ್‌ಲ್ಯಾಚ್ ಅನ್ನುತ್ತಾರೆ. ಮದುವೆ, ಹೆಸರಿಡುವುದು, ಸತ್ತವರ ನೆನಪು, ಮುಖಂಡತ್ವ ಮಗನಿಗೆ ಬರುವುದು, ಕಂಬ ನಿಲ್ಲಿಸುವುದು, ಎಲ್ಲಕ್ಕೂ ಪಾಟ್‌ಲ್ಯಾಚ್ ಆಗಬೇಕು. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರಲ್ಲ, ಇದು ಅದರ ತಿರುಗುಮುರುಗು. ಇಲ್ಲಿ ಕರೆದವರೇ ಬಂದವರಿಗೆ ಕೊಡುತ್ತಾರೆ: ಕಂಬಳಿ, ದೋಣಿ, ಹಿಟ್ಟು, ತಾಮ್ರದ ಫಲಕ, ದುಡ್ಡು. ಅವರದು ಬರವಣಿಗೆಯ ದಾಖಲೆ ಇಲ್ಲದ ಸಮಾಜ. ‘ಈ ಹೆಸರು, ಈ ಕಥೆ, ಈ ಕುಣಿತ ನಮ್ಮ ಮನೆಯದು’ ಎಂದು ನೂರಾರು ಜನರ ಎದುರು ಹೇಳಬೇಕು. ಉಡುಗೊರೆ ತಗೊಂಡವನು ಅದಕ್ಕೆ ಸಾಕ್ಷಿ. ನಾಳೆ ಯಾರಾದರೂ ತಕರಾರು ತೆಗೆದರೆ ಅವನು ಬಾಯಿ ಬಿಡಬೇಕು. ನೋಂದಣಿ ಕಚೇರಿ, ಊಟದ ಮನೆ, ನಾಟಕ ಎಲ್ಲ ಒಂದೇ ಸೂರಿನಡಿ.

ಕೆನಡಾ ಸರ್ಕಾರಕ್ಕೆ ಇದು ದುಂದುವೆಚ್ಚ, ಅನಾಗರಿಕತನ ಅನ್ನಿಸಿತು. 1884ರಲ್ಲಿ ಕಾನೂನು ತಿದ್ದಿ, 1885ರಿಂದ ಪಾಟ್‌ಲ್ಯಾಚ್ ಮಾಡುವುದೇ ಅಪರಾಧ ಎಂದಿತು. ನಿಮ್ಮ ಕಾರ್ಡಿನ ತಾರೀಖಿನ ಪಕ್ಕದಲ್ಲಿ ಈ ತಾರೀಖನ್ನು ಇಟ್ಟು ನೋಡಿ. ಈ ಕಂಬ ನಿಲ್ಲಿಸುವ ಹೊತ್ತಿಗೆ ಕಾನೂನು ಬಂದು ವರ್ಷಗಳಾಗಿದ್ದವು. ಅಂದರೆ ಜನ ಕಾನೂನಿಗೆ ಸೊಪ್ಪು ಹಾಕದೆ ಇಷ್ಟು ದೊಡ್ಡ ಬಾಗಿಲನ್ನು ಸಮುದ್ರಕ್ಕೆ ಮುಖ ಮಾಡಿ, ಹಡಗಿನವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದರು. ಇತ್ತ ಅದೇ ಬಾಗಿಲಿನ ಚಿತ್ರ ಹಡಗುಕಟ್ಟೆಯಲ್ಲಿ ಕಾಸಿಗೆ ಮಾರಾಟ, ಅತ್ತ ಅದನ್ನು ತೆರೆದವರಿಗೆ ಜೈಲು. ಈ ಕಾರ್ಡುಗಳನ್ನು ನೋಡಿದಾಗಲೆಲ್ಲ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದೇ.

ಮೊದಮೊದಲು ಕಾನೂನು ಕಾಗದದ ಮೇಲೇ ಇತ್ತು. ಬಿಗಿಯಾಗಿದ್ದು 1921ರಲ್ಲಿ. ಆ ಡಿಸೆಂಬರಿನಲ್ಲಿ ಡ್ಯಾನ್ ಕ್ರಾನ್ಮರ್ ಎಂಬ ನಮ್ಗಿಸ್ ಮುಖಂಡರು ಹತ್ತಿರದ ವಿಲೇಜ್ ಐಲೆಂಡಿನಲ್ಲಿ ಬಹಳ ದೊಡ್ಡ ಪಾಟ್‌ಲ್ಯಾಚ್ ಮಾಡಿದರು. ಸರ್ಕಾರದ ಏಜೆಂಟ್ ವಿಲಿಯಂ ಹ್ಯಾಲಿಡೇಗೆ ಸುದ್ದಿ ಮುಟ್ಟಿತು. 45 ಜನರ ಮೇಲೆ ಕೇಸು. ಆರೋಪಗಳೇನು ಗೊತ್ತೇ? ಭಾಷಣ ಮಾಡಿದ್ದು, ಕುಣಿದಿದ್ದು, ಉಡುಗೊರೆ ಎತ್ತಿಕೊಂಡು ಹೋಗಿ ಕೊಟ್ಟಿದ್ದು. ಮುಖವಾಡ, ತಾಮ್ರದ ಫಲಕ, ಗಿಲಕಿಗಳನ್ನೆಲ್ಲ ಒಪ್ಪಿಸಿದ ಊರುಗಳವರಿಗೆ ಜೈಲು ತಪ್ಪಿತು. ಸುಮಾರು 20 ಜನ, ಹೆಂಗಸರೂ ಸೇರಿ, ವ್ಯಾಂಕೂವರ್ ಹತ್ತಿರದ ಓಕಲಾ ಜೈಲು ನೋಡಿದರು. ಓಕಲಾ ಇದ್ದಿದ್ದು ಎಲ್ಲಿ ಅಂತ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಮಗಳಿರುವ ಬರ್ನಬಿಯಲ್ಲೇ.

ಕಿತ್ತುಕೊಂಡ ನೂರಾರು ವಸ್ತುಗಳನ್ನು ಅಲರ್ಟ್ ಬೇಯ ಚರ್ಚಿನ ಹಾಲ್‌ನಲ್ಲಿ ಬೆಂಚುಗಳ ಮೇಲೆ ಹರಡಿ ಪ್ರದರ್ಶನಕ್ಕಿಟ್ಟರು. ಅದರ ಫೋಟೋಗಳೂ ಇವೆ. ಆಮೇಲೆ ಅವು ಒಟ್ಟಾವ, ಟೊರಾಂಟೊ, ನ್ಯೂಯಾರ್ಕ್ ಅಂತ ಹಂಚಿಹೋದವು. 1951ರಲ್ಲಿ ಆ ಕಲಮು ಕಾನೂನಿನಿಂದ ಬಿದ್ದುಹೋಯಿತು. ವಸ್ತುಗಳನ್ನು ವಾಪಸ್ ತರಿಸಲು ಇನ್ನೂ ಮೂರು ದಶಕ ಹಿಡಿಯಿತು. ಅವನ್ನಿಡಲು 1980ರಲ್ಲಿ ಅಲರ್ಟ್ ಬೇಯಲ್ಲಿ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ ತೆರೆದರು. ಹಿಂದೆ ಶತ್ರುಗಳು ಸೆರೆ ಒಯ್ದವರು ಮನೆಗೆ ಮರಳಿದರೆ, ಅವರಿಗೆ ‘ಉಮಿಸ್ತಾ’ ಆಯಿತು ಅನ್ನುತ್ತಿದ್ದರಂತೆ. ಹೆಸರು ಅದರಿಂದ ಬಂದಿದ್ದು.

ಕಂಬ ಏನಾಯಿತು ಅಂತ ಕೇಳಿದ್ದೀರಿ. 1920ರ ದಶಕದಲ್ಲಿ ಅದನ್ನು ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿಗೆ ಸಾಗಿಸಿದರು. ಮನೆ ಹೋಯಿತು, ಗೋಡೆಯ ರೆಕ್ಕೆ ಹೋಯಿತು, ಹುಲ್ಲಿನ ಮೇಲೆ ಒಂಟಿ ಕಂಬ ಉಳಿಯಿತು. ಅದು ಕೆಂಪು ಸೀಡರ್ ಮರ. ಕಾಂಡದಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಹುಳ ಹಿಡಿಯುವುದಿಲ್ಲ. ಆದರೂ ಆ ಮಳೆಯಲ್ಲಿ ಅರವತ್ತರಿಂದ ನೂರು ವರ್ಷಕ್ಕೆ ಮಣ್ಣಿನಲ್ಲಿರುವ ಬುಡ ಲಡ್ಡಾಗುತ್ತದೆ. 1980ರ ದಶಕದಲ್ಲಿ ಅದನ್ನು ಇಳಿಸಿದರು. ಅಸಲಿ ಈಗ ಒಟ್ಟಾವದ ಎದುರು ದಡ, ಗಾಟಿನೋದಲ್ಲಿರುವ ಕೆನಡಾ ಇತಿಹಾಸ ಸಂಗ್ರಹಾಲಯದ ದೊಡ್ಡ ಹಜಾರದಲ್ಲಿದೆ. ಸ್ಟ್ಯಾನ್ಲಿ ಪಾರ್ಕಿನಲ್ಲಿ ನಿಂತಿರುವುದು 1987ರಲ್ಲಿ ಹೊಸದಾಗಿ ಕೆತ್ತಿದ ಪ್ರತಿ. ಕೆತ್ತಿದವರು ಡಗ್ ಕ್ರಾನ್ಮರ್. ಹೌದು, ಅದೇ ಕ್ರಾನ್ಮರ್ ಮನೆತನ. ಪಾಟ್‌ಲ್ಯಾಚ್ ಮಾಡಿದ ಡ್ಯಾನ್ ಅವರ ಮಗ. ಆ ಕೇಸು ನಡೆದ ಐದಾರು ವರ್ಷಕ್ಕೆ, 1927ರಲ್ಲಿ ಹುಟ್ಟಿದವರು.

ಈ ನಡುವೆ ನಿಮ್ಮ ಫೋಟೋದ ಇನ್ನೊಂದು ಮೋಸ ಹೇಳಿಬಿಡುತ್ತೇನೆ. ಊರು ಖಾಲಿ ಖಾಲಿ ಕಾಣುತ್ತದೆ, ಅಲ್ವಾ? ಇಬ್ಬರು ಮಕ್ಕಳು ಬಿಟ್ಟರೆ ಯಾರೂ ಇಲ್ಲ. ಈ ಕರಾವಳಿಯ ಹಳೇ ಫೋಟೋಗಳಲ್ಲಿ ಎಷ್ಟೋ ಹೀಗೇ. ಫೋಟೋಗ್ರಾಫರ್‌ಗಳು ಬರುತ್ತಿದ್ದುದು ಬಿಸಿಲಿರುವ ಬೇಸಿಗೆಯಲ್ಲಿ. ಊರಿನವರು ಮೀನು ಹಿಡಿಯಲು, ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದುದೂ ಅದೇ ಬೇಸಿಗೆಯಲ್ಲಿ. ಸಮಾರಂಭಗಳೆಲ್ಲ ಚಳಿಗಾಲಕ್ಕೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಚಿತ್ರಕ್ಕೆ ‘ಜನ ತೊರೆದ ಹಳ್ಳಿ’ ಎಂದು ಕ್ಯಾಟಲಾಗಿನಲ್ಲಿ ಬರೆದಿದ್ದೆ. ಹಿರಿಯರೊಬ್ಬರು ಭೂತಗನ್ನಡಿ ಕೊಟ್ಟು ಬಲಮೂಲೆ ನೋಡು ಅಂದರು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಚೀಟಿ ಹರಿದು ಮತ್ತೆ ಬರೆದೆ.

ನನ್ನದು ಚೀಟಿಯಲ್ಲಿ ಮುಗಿಯಿತು. ಇದೇ ತಪ್ಪನ್ನು ಬೇಕೆಂದೇ ಮಾಡಿದವರಿದ್ದಾರೆ. 1899ರಲ್ಲಿ ಸಿಯಾಟಲ್ ನಗರದ ವ್ಯಾಪಾರಸ್ಥರ ಗುಂಪೊಂದು ಹಡಗಿನಲ್ಲಿ ಅಲಾಸ್ಕಾಕ್ಕೆ ಹೋಗಿ, ಟಾಂಗಾಸ್ ಅನ್ನುವ ಟ್ಲಿಂಗಿಟ್ ಜನರ ಊರಿನಲ್ಲಿ ಇಳಿಯಿತು. ಊರಿನವರು ಕೆಲಸಕ್ಕೆ ಹೋಗಿದ್ದರು. ನೀರಿನಲ್ಲಿ ಮುಳುಗಿ ಸತ್ತ ಒಬ್ಬ ಹಿರಿಯ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದ ಕಂಬ ಅಲ್ಲಿತ್ತು. ಅದನ್ನು ಉರುಳಿಸಿ, ಎರಡು ತುಂಡು ಮಾಡಿ, ಹಡಗಿಗೆ ಹಾಕಿಕೊಂಡು ಬಂದು ನಗರದ ಚೌಕದಲ್ಲಿ ನಿಲ್ಲಿಸಿದರು. ಊರು ಖಾಲಿ ಇತ್ತು ಅನ್ನುವುದೇ ಅವರ ಸಮಜಾಯಿಷಿ.

ಹಾಗಾದರೆ ಕಾರ್ಡು ಇಟ್ಟುಕೊಳ್ಳುವುದು ತಪ್ಪೇ? ಇಲ್ಲ. ಅದು ಮಾರಾಟಕ್ಕೆಂದೇ ಮಾಡಿದ ಕಾರ್ಡು, ಕದ್ದ ಮಾಲಲ್ಲ. ಕಂಬಗಳ ಲೆಕ್ಕ ಬೇರೆ. 1929ರಲ್ಲಿ ಸ್ವೀಡನ್ನಿಗೆ ಹೋದ, ಇದೇ ಕರಾವಳಿಯ ಹೈಸ್ಲಾ ಜನರ ಕಂಬ 2006ರಲ್ಲಿ ಮರಳಿತು. ಅದೇ 1929ರಲ್ಲಿ ನಿಸ್ಗಾ ಜನರಿಂದ ಎಡಿನ್‌ಬರೋಗೆ ಹೊರಟ ಕಂಬ 2023ರಲ್ಲಿ ವಿಮಾನ ಹತ್ತಿ ಮನೆಗೆ ಬಂತು. ನಿಮ್ಮಿಂದ ಯಾರೂ ಕಾರ್ಡು ವಾಪಸ್ ಕೇಳುವುದಿಲ್ಲ. ಆದರೆ ಒಂದು ಕೆಲಸ ಮಾಡಬಹುದು. ಎರಡೂ ಬದಿಯನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಉಮಿಸ್ತಾ ಕೇಂದ್ರಕ್ಕೆ ಮೇಲ್ ಮಾಡಿ. ಅವರ ಬಳಿ ಇದೇ ಕಂಬದ ಬೇರೆ ಚಿತ್ರಗಳಿರುತ್ತವೆ, ನಿಮ್ಮದು ಬೇರೆ ವರ್ಷದ್ದಾಗಿದ್ದರೆ ಅವರಿಗೆ ಉಪಯೋಗ. ಹಾಲ್‌ನಲ್ಲಿ ಹಾಕಲು ಅಡ್ಡಿಯಿಲ್ಲ. ಫೇಸ್‌ಬುಕ್ಕಿಗೆ ಹಾಕುವುದಾದರೆ ‘ವಾಕಸ್ ಮನೆಯ ಕಂಬ, ನಮ್ಗಿಸ್, ಅಲರ್ಟ್ ಬೇ’ ಅಂತ ಹೆಸರು ಹಾಕಿ. ಆ ಚಿತ್ರವನ್ನು ಟೀ ಶರ್ಟು, ಮಗ್ಗು ಅಂತ ಅಚ್ಚು ಹಾಕಿಸಿ ಮಾರುವುದು ಮಾತ್ರ ಬೇಡ. ಫೋಟೋದ ಹಕ್ಕಿನ ಅವಧಿ ಮುಗಿದಿರಬಹುದು, ರೇವನ್ ಮೇಲೆ ಆ ಮನೆಯ ಹಕ್ಕು ಮುಗಿದಿಲ್ಲ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಸ್ಟ್ಯಾನ್ಲಿ ಪಾರ್ಕಿನ ಬ್ರಾಕ್ಟನ್ ಪಾಯಿಂಟಿಗೆ ಹೋಗಿ. ಯಾವಾಗಲೂ ಜನಜಂಗುಳಿ ಇರುತ್ತದೆ, ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಕಾರ್ಡಿನ ಸ್ಕ್ಯಾನ್ ಮೊಬೈಲಿನಲ್ಲಿ ಇರಲಿ. ಕೊಕ್ಕಿನ ಕೆಳಗೆ ನಿಂತು ಹೋಲಿಸಿ ನೋಡಿ. ಅಲರ್ಟ್ ಬೇಗೇ ಹೋಗುವ ಯೋಗ ಬಂದರೆ, ಅಲ್ಲಿನ ಸ್ಮಶಾನದಲ್ಲೂ ಕಂಬಗಳಿವೆ. ರಸ್ತೆಯಿಂದಲೇ ನೋಡಬೇಕು, ಒಳಗೆ ಕಾಲಿಡಬಾರದು. ಕೆಲವು ಬಿದ್ದಿರುತ್ತವೆ, ಅವನ್ನು ಎತ್ತಿ ನಿಲ್ಲಿಸುವುದಿಲ್ಲ. ಮರ ಮಣ್ಣಿಗೆ ಹೋಗಲಿ ಅಂತ ಹಾಗೇ ಬಿಡುತ್ತಾರೆ.

ಸ್ಕ್ಯಾನ್ ಕಳಿಸುವಾಗ ಹಲಗೆದಾರಿಯ ಮೇಲಿರುವ ಆ ಇಬ್ಬರು ಮಕ್ಕಳ ಭಾಗವನ್ನು ಬೇರೆಯಾಗಿ ದೊಡ್ಡದು ಮಾಡಿ ಸೇರಿಸಿ. ಊರಿನಲ್ಲಿ ಹಳೇ ಮುಖಗಳನ್ನು ಗುರುತು ಹಿಡಿಯುವವರು ಇರುತ್ತಾರೆ. ಹೆಸರು ಸಿಕ್ಕರೆ ನನಗೂ ಒಂದು ಸಾಲು ಬರೆಯಿರಿ.